ಕಾರು ಬಿದ್ದ ಚರಂಡಿ, ನಾವು ಇಳಿದ ಚರಂಡಿ

ಯಂತ್ರವನ್ನು ದೇವರು ಮಾಡಿ ಕೂರಿಸಿದ ಒಂದು ಕಲಾಪಂಥ ಯೂರೋಪಿನಲ್ಲಿತ್ತು. ಅದರ ಹೆಸರು ಫ್ಯೂಚರಿಸಂ. ನಾವು ಭವಿಷ್ಯವಾದ ಅನ್ನೋಣ. ಇಟಲಿಯ ಕವಿ ಮರಿನೆಟ್ಟಿ 1909ರ ಫೆಬ್ರವರಿ 20ರಂದು ಪ್ಯಾರಿಸ್ಸಿನ 'ಲ ಫಿಗಾರೊ' ಪತ್ರಿಕೆಯ ಮೊದಲ ಪುಟದಲ್ಲೇ ಅದರ ಪ್ರಣಾಳಿಕೆ ಅಚ್ಚು ಹಾಕಿಸಿದ. ಅಬ್ಬರಿಸಿಕೊಂಡು ಓಡುವ ಮೋಟಾರು ಕಾರಿನ ಮುಂದೆ ಗ್ರೀಕರ ಶಿಲ್ಪದ ಚೆಲುವು ಏನೇನೂ ಅಲ್ಲ ಅಂದ. ಮ್ಯೂಸಿಯಮ್ಮುಗಳು ಹೆಣ ಹೂಳುವ ಜಾಗ, ಅವನ್ನೂ ಲೈಬ್ರರಿಗಳನ್ನೂ ನಾಶ ಮಾಡಬೇಕು ಅಂದ. ವೇಗ, ಕಾರ್ಖಾನೆ, ರೈಲು, ವಿಮಾನ, ವಿದ್ಯುತ್ತು ಇವೇ ಇನ್ನು ಮೇಲೆ ಕಾವ್ಯದ ವಸ್ತು ಅಂದ.

ಇದೆಲ್ಲ ಆಗಿ ನೂರು ವರ್ಷದ ಮೇಲಾಯ್ತು. ಆದರೂ ಸಾಹಿತ್ಯ ಓದುವ ನಮ್ಮ ಹುಡುಗ ಹುಡುಗಿಯರ ಕೈಗೆ ಆ ಪ್ರಣಾಳಿಕೆ ಸಿಕ್ಕರೆ ಈಗಲೂ ಮೈ ಬಿಸಿಯಾಗುತ್ತೆ. ಇದು ನಮ್ಮದೇ ಸಿಟ್ಟು, ನಮ್ಮದೇ ದನಿ ಅನ್ನಿಸುತ್ತೆ. ಗೆಳೆಯರೇ, ಈ ಮೋಹ ಎಲ್ಲಿಂದ ಬರುತ್ತೆ, ಇದನ್ನ ಎಲ್ಲೀತನಕ ನಂಬಬಹುದು, ಎಲ್ಲಿ ಕೈಬಿಡಬೇಕು ಅನ್ನೋದು ನಮ್ಮ ನಮ್ಮಲ್ಲೇ ಇತ್ಯರ್ಥ ಆಗಬೇಕು. ಯಾಕೆಂದರೆ ಯಂತ್ರದ ಪೂಜೆ ಇಟಲಿಯಲ್ಲೇ ಮುಗಿದು ಹೋದ ವಿಚಾರ ಅಲ್ಲ. ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಯಲ್ಲಿ ಅದಕ್ಕೆ ಬಹಳ ಹಿಂದೇನೇ ಗುಡಿ ಕಟ್ಟಿ ಆಗಿದೆ.

ಮೊದಲು ಮೋಹದ ಮಾತು. ಹಳೆಯದನ್ನೆಲ್ಲ ಸುಟ್ಟು ಹಾಕಿ ಅಂತ ಯಾರಾದರೂ ಗಟ್ಟಿಯಾಗಿ ಕೂಗಿದರೆ ಯಾರ ಎದೆ ಮೊದಲು ಅರಳಬೇಕು? ಹಳೆಯದರಿಂದ ಒಂದು ಹಿಡಿ ಮಣ್ಣೂ ಸಿಗದವರ ಎದೆ. ನಮ್ಮ ಅಜ್ಜ ಮುತ್ತಜ್ಜರ ಹೆಸರು ಯಾವ ಶಾಸನದಲ್ಲೂ ಇಲ್ಲ, ಯಾವ ತಾಳೆಗರಿಯಲ್ಲೂ ಇಲ್ಲ. ಪರಂಪರೆ ಪರಂಪರೆ ಅಂತ ವೇದಿಕೆ ಮೇಲೆ ಗದ್ಗದರಾಗುವವರ ಪರಂಪರೆ ನಮ್ಮನ್ನ ಊರಾಚೆ ಇಟ್ಟ ಪರಂಪರೆ. 1912ರಲ್ಲಿ ಮರಿನೆಟ್ಟಿ ಇನ್ನೂ ಮುಂದೆ ಹೋದ. ವ್ಯಾಕರಣ ಮುರಿಯಿರಿ, ವಿಶೇಷಣ ಕಿತ್ತು ಹಾಕಿ, ವಿರಾಮ ಚಿಹ್ನೆಗಳನ್ನ ಬಿಸಾಕಿ, ಪದಗಳಿಗೆ ಸ್ವಾತಂತ್ರ್ಯ ಕೊಡಿ ಅಂದ. ನಮ್ಮವ್ವಂದಿರ ಮಾತು ಎಂದೂ ವ್ಯಾಕರಣದ ಒಳಗೆ ಇರಲಿಲ್ಲ. ಅದನ್ನ ಕೇಳಿದ ಪಂಡಿತರು ಅಶುದ್ಧ ಅಂದರು, ಗ್ರಾಮ್ಯ ಅಂದರು. ಹಾಗಿರುವಾಗ ವ್ಯಾಕರಣ ಮುರಿಯಿರಿ ಅಂದವನು ನಮಗೆ ನೆಂಟನ ಹಾಗೆ ಕಂಡರೆ ಅದರಲ್ಲಿ ಆಶ್ಚರ್ಯ ಏನಿದೆ?

ಇಟಲಿಯ ಕಾರ್ಮಿಕರಿಗೂ ಹೀಗೇ ಆಯ್ತು. ಮುಂದೆ ಮುಸೊಲಿನಿಯ ಜೈಲು ಸೇರಿದ ಗ್ರಾಮ್ಷಿ, 1922ರಲ್ಲಿ ಟ್ರಾಟ್‌ಸ್ಕಿಗೆ ಬರೆದ ಪತ್ರದಲ್ಲಿ ಈ ವಿಚಾರ ದಾಖಲು ಮಾಡಿದ್ದಾನೆ. ಮೊದಲ ಮಹಾಯುದ್ಧಕ್ಕೆ ಮುಂಚೆ ಭವಿಷ್ಯವಾದಿಗಳು ಅಲ್ಲಿನ ಕಾರ್ಮಿಕರಲ್ಲಿ ಜನಪ್ರಿಯರಾಗಿದ್ದರಂತೆ. ಶ್ರೀಮಂತರ ಮಕ್ಕಳು ಅವರ ಸಭೆಗಳ ಮೇಲೆ ಬಿದ್ದಾಗ ಕಾರ್ಮಿಕರೇ ಅಡ್ಡ ನಿಂತು ಕಾಪಾಡಿದ್ದರಂತೆ. ಅದೇ ಪತ್ರದಲ್ಲಿ ಗ್ರಾಮ್ಷಿ ಇನ್ನೊಂದು ಮಾತೂ ಹೇಳಿದ್ದಾನೆ. ಯುದ್ಧ ಮುಗಿಯುವ ಹೊತ್ತಿಗೆ ಆ ಪಂಥದ ಜೀವ ಹೋಗಿತ್ತು. ಕಾರ್ಮಿಕರು ಕಾಪಾಡಿದ ಕವಿಗಳು ಕೊನೆಗೆ ಕಾರ್ಮಿಕರ ತಲೆ ಒಡೆಯುವವರ ಪಕ್ಷ ಸೇರಿದರು. ಯಾಕೆ ಹೀಗಾಯ್ತು? ಇದಕ್ಕೆ ಉತ್ತರ ಆ ಪ್ರಣಾಳಿಕೆಯ ಮೊದಲ ಭಾಗದಲ್ಲೇ ಇದೆ. ಎಲ್ಲರೂ ಘೋಷಣೆಗಳನ್ನ ಓದ್ತಾರೆ. ಘೋಷಣೆಗೆ ಮುಂಚೆ ಮರಿನೆಟ್ಟಿ ಹೇಳಿಕೊಂಡ ಕತೆಯನ್ನ ಬಿಟ್ಟುಬಿಡ್ತಾರೆ.

ಕತೆ ಇಷ್ಟು. ಮರಿನೆಟ್ಟಿ ಕಾರು ಓಡಿಸಿಕೊಂಡು ಹೋಗ್ತಾನೆ. ಎದುರಿಗೆ ಇಬ್ಬರು ಸೈಕಲ್ಲಿನವರು ಅಡ್ಡ ಬರ್ತಾರೆ. ಕಾರು ಉರುಳಿ ಚರಂಡಿಗೆ ಬೀಳುತ್ತೆ. ಕಾರ್ಖಾನೆಯ ಕೊಳಚೆ ತುಂಬಿದ ಚರಂಡಿ. ಕವಿಗೆ ಅಲ್ಲೇ ಜ್ಞಾನೋದಯ. ಆ ಕೆಸರನ್ನ ಆಸೆಯಿಂದ ಬಾಯಿಗೆ ತಗೊಳ್ತಾನೆ. ಅವನು ಹುಟ್ಟಿದ್ದು ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ, 1876ರಲ್ಲಿ, ಅನುಕೂಲಸ್ಥ ವಕೀಲನ ಮಗನಾಗಿ. ಆ ಕೆಸರು ಬಾಯಿಗೆ ಬಿದ್ದಾಗ ಅವನಿಗೆ ತನಗೆ ಹಾಲು ಕುಡಿಸಿದ ಸುಡಾನಿನ ಕಪ್ಪು ದಾದಿಯ ಮೊಲೆ ನೆನಪಾಗುತ್ತೆ. ಮೀನುಗಾರರು ಬಂದು ಕಬ್ಬಿಣದ ಬಲೆ ಹಾಕಿ ಕಾರನ್ನ ಮೇಲೆತ್ತುತ್ತಾರೆ. ಕವಿ ಎದ್ದು ನಿಂತು, ಮುಖದ ಮೇಲೆ ಕೆಸರು ಇರುವಾಗಲೇ ಜಗತ್ತಿಗೆಲ್ಲ ಪ್ರಣಾಳಿಕೆ ಸಾರುತ್ತಾನೆ. 1908ರಲ್ಲಿ ಮಿಲಾನಿನಲ್ಲಿ ಅವನ ಕಾರು ನಿಜವಾಗಿಯೂ ಹಾಗೆ ಉರುಳಿತ್ತು.

ಸಂಗಾತಿಗಳೇ, ಈ ಕತೆಯನ್ನ ನಮ್ಮ ಕೇರಿಯ ಕಣ್ಣಿಂದ ಓದಿ. ಚರಂಡಿಗೆ ಬಿದ್ದು ಎದ್ದವನು ಪ್ರವಾದಿಯಾದ. ಹಾಲು ಕೊಟ್ಟ ಕರಿಯ ಹೆಂಗಸಿಗೆ ಹೆಸರಿಲ್ಲ. ಕಾರು ಎತ್ತಿದ ಮೀನುಗಾರರಿಗೂ ಹೆಸರಿಲ್ಲ. ಅವನಿಗೆ ಚರಂಡಿ ಒಂದು ದಿನದ ಅನುಭವ. ನಮ್ಮವರಿಗೆ ಅದು ತಲೆಮಾರುಗಳ ಉದ್ಯೋಗ. ಅವನು ಬಾಯಿಗೆ ತಗೊಂಡ ಕೆಸರು ಕಾವ್ಯವಾಯ್ತು. ನಮ್ಮವರ ಬಾಯಿಗೆ ಮೂಗಿಗೆ ನುಗ್ಗಿದ ಕೆಸರು ಪೋಸ್ಟ್‌ಮಾರ್ಟಂ ವರದಿ ಆಯ್ತು. ಯಂತ್ರ ಒಳ್ಳೆಯದೋ ಕೆಟ್ಟದ್ದೋ ಅನ್ನೋ ಹಳೇ ಚರ್ಚಾಸ್ಪರ್ಧೆ ನಮಗೆ ಬೇಡ. ಯಂತ್ರವನ್ನ ಎಲ್ಲಿಂದ ನೋಡ್ತೀರಿ ಅನ್ನೋದೇ ಪ್ರಶ್ನೆ. ಸ್ಟೀರಿಂಗು ಹಿಡಿದು ಕೂತು ನೋಡ್ತೀರೋ, ಚರಂಡಿಯ ತಳದಲ್ಲಿ ನಿಂತು ನೋಡ್ತೀರೋ?

ಈಗ ಬೆಂಗಳೂರಿಗೆ ಬನ್ನಿ. ಭವಿಷ್ಯವಾದ ಅನ್ನೋ ಬೋರ್ಡು ಹಾಕಿಕೊಂಡು ಕನ್ನಡದಲ್ಲಿ ಒಂದು ಪಂಥ ಬೆಳೆಯಲಿಲ್ಲ. ಆದರೆ ಆ ಮನಸ್ಸು ಇಲ್ಲಿತ್ತು. ಪುಸ್ತಕದಲ್ಲಿ ಹುಡುಕಬೇಡಿ, ನಗರದ ನಕ್ಷೆಯಲ್ಲಿ ಹುಡುಕಿ.

ಚಾಮರಾಜಪೇಟೆ 1892ರ ಬಡಾವಣೆ. 1898ರಲ್ಲಿ ಪ್ಲೇಗು ಬಂದು ಹಳೇ ಪೇಟೆಯ ಇಕ್ಕಟ್ಟಿನಲ್ಲಿ ಜನ ಸತ್ತರು. ಆಮೇಲೆ ಬಸವನಗುಡಿ, ಮಲ್ಲೇಶ್ವರ ಬೆಳೆದವು. ಅಗಲವಾದ ರಸ್ತೆ, ಗಾಳಿ ಬೆಳಕು, ಸಾಲು ಮರ, ನೇರ ನೇರ ಕ್ರಾಸುಗಳು. ಆ ಕಾಲಕ್ಕೆ ಅದು ಅತ್ಯಾಧುನಿಕ ನಗರ. ಅಲ್ಲಿ ಬ್ಲಾಕುಗಳನ್ನ ಜಾತಿ ಮತದ ಲೆಕ್ಕದಲ್ಲಿ ಗುರುತು ಮಾಡಿ ಹಂಚಿದ್ದರು ಅನ್ನೋದನ್ನ ಪಕ್ಕಕ್ಕಿಡಿ. ಮನೆಗಳ ಹಿಂದುಗಡೆ ಹೋಗಿ ನೋಡಿ. ಎರಡು ಸಾಲು ಮನೆಗಳ ಬೆನ್ನಿಗೆ ಬೆನ್ನು ಸೇರುವ ಕಡೆ ಒಂದು ಸಣ್ಣ ಓಣಿ. ಕನ್ಸರ್ವೆನ್ಸಿ ಲೇನು. ಮೂರೂ ಬಡಾವಣೆಗಳಲ್ಲಿ ಇವತ್ತಿಗೂ ಇವೆ. ಕನ್ನಡದಲ್ಲಿ ನೇರವಾಗಿ ಹೇಳಿದರೆ ಜಾಡಮಾಲಿ ಓಣಿ. ಕಕ್ಕಸಿನ ಹಿಂದುಗಡೆ ಒಂದು ಕಿಂಡಿ. ಮಲ ಬಾಚಿ ಬಕೆಟ್ಟಿಗೆ ತುಂಬಿ ತಲೆ ಮೇಲೆ ಹೊತ್ತುಕೊಂಡು ಹೋಗುವವನು, ಹೋಗುವವಳು ಆ ಓಣಿಯಲ್ಲೇ ಬರಬೇಕು, ಆ ಓಣಿಯಲ್ಲೇ ಹೋಗಬೇಕು. ಮುಂದಿನ ರಸ್ತೆಯಲ್ಲಿ ಅವರ ಮುಖ ಕಾಣಬಾರದು.

ಎಂಥಾ ಇಂಜಿನಿಯರಿಂಗು ನೋಡಿ! ಹಳ್ಳಿಯಲ್ಲಿ ಅಸ್ಪೃಶ್ಯತೆಗೆ ಊರಾಚೆ ಕೇರಿ ಸಾಕಾಗಿತ್ತು. ನಗರದಲ್ಲಿ ಅದನ್ನ ಸ್ಕೇಲು ಹಿಡಿದು, ಅಡಿ ಅಳೆದು, ನಕ್ಷೆ ಬರೆದು ಕಟ್ಟಿದರು. ಮನು ಬಾಯಲ್ಲಿ ಹೇಳಿದ್ದನ್ನ ಸರ್ವೇಯರು ಚೈನು ಎಳೆದು ನೆಲದ ಮೇಲೆ ಗೀಟು ಹಾಕಿದ. ಆಧುನಿಕತೆ ಬಂದರೆ ಜಾತಿ ತಾನಾಗೇ ಹೋಗುತ್ತೆ ಅನ್ನುವ ಪಂಡಿತರು ಒಂದು ಸಾರಿ ಆ ಓಣಿಯಲ್ಲಿ ನಡೆದು ಬರಲಿ.

ಈಗ ಮುಂದಿನ ರಸ್ತೆಯ ಕತೆ. 1902ರಲ್ಲಿ ಶಿವನಸಮುದ್ರದಲ್ಲಿ ವಿದ್ಯುತ್ತು ಹುಟ್ಟಿತು. ಅದು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. ಬ್ರಿಟಿಷ್ ಕಂಪನಿಯ ಚಿನ್ನಕ್ಕೆ ಬೆಳಕು ಬೇಕಿತ್ತು. ಆ ಗಣಿಯ ಆಳಕ್ಕೆ ಇಳಿದವರಲ್ಲಿ ಬಹುಪಾಲು ತಮಿಳು ಮಾತಾಡುವ ದಲಿತರು. ಕೊನೆಕೊನೆಗೆ ಅವರು ಇಳಿದ ಆಳ 3 ಕಿಲೋಮೀಟರಿಗೂ ಹೆಚ್ಚು. 2001ರಲ್ಲಿ ಗಣಿ ಮುಚ್ಚಿತು. ಚಿನ್ನ ಹೋದ ಕಡೆ ಹೋಯ್ತು, ಸೈನೈಡು ದಿಬ್ಬದ ಧೂಳು ಅವರ ಮಕ್ಕಳ ಪಾಲಿಗೆ ಉಳಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂತು. ಏಷ್ಯಾದಲ್ಲೇ ಮೊದಮೊದಲು ಅಂತ ಇವತ್ತಿಗೂ ಎದೆ ತಟ್ಟಿಕೊಳ್ತಾರೆ. ಮರಿನೆಟ್ಟಿಯ ಪ್ರಣಾಳಿಕೆ ಬಂದ ಅದೇ 1909ರಲ್ಲಿ ಮಲ್ಲೇಶ್ವರದ ಪಕ್ಕದಲ್ಲೇ ಟಾಟಾ ವಿಜ್ಞಾನ ಸಂಸ್ಥೆ ಹುಟ್ಟಿತು. 1940ರಲ್ಲಿ ವಿಮಾನ ಕಾರ್ಖಾನೆ. 1975ರಲ್ಲಿ ಪೀಣ್ಯದ ಶೆಡ್ಡುಗಳಲ್ಲಿ ತಯಾರಾದ ಆರ್ಯಭಟ ಉಪಗ್ರಹ ಆಕಾಶಕ್ಕೆ ಹೋಯ್ತು.

ತಲೆ ಮೇಲೆ ಮಲ ಹೊರುವುದು ಯಾವಾಗ ನಿಷೇಧ ಆಯ್ತು? 1970ರ ದಶಕದಲ್ಲಿ. ಬೀದಿದೀಪಕ್ಕೂ ಈ ಆದೇಶಕ್ಕೂ ನಡುವೆ ಸುಮಾರು 70 ವರ್ಷ. ಬಲ್ಬು ಉರಿಸಲು ಶಿವನಸಮುದ್ರದಿಂದ ಕಂಬ ನೆಟ್ಟು ತಂತಿ ಎಳೆದ ಬುದ್ಧಿಗೆ, ಹಿಂದಿನ ಓಣಿಗೆ ಒಂದು ಪೈಪು ಎಳೆದು ಬಕೆಟ್ಟು ಇಳಿಸೋದು ಕಷ್ಟವಾಗಿತ್ತೇ? ಯಂತ್ರ ಇರಲಿಲ್ಲ ಅಂತ ಯಾರೂ ಹೇಳಬೇಡಿ. ಯಂತ್ರ ಇತ್ತು. ಯಂತ್ರಕ್ಕಿಂತ ಅಗ್ಗವಾಗಿ ನಾವು ಇದ್ದೆವು. ಹುಟ್ಟಿನಿಂದಲೇ ಸಿಗುವ ಕೂಲಿ ಇದ್ದಾಗ ಯಾವನು ದುಡ್ಡು ಸುರಿದು ಯಂತ್ರ ತರುತ್ತಾನೆ?

ವಿಶ್ವೇಶ್ವರಯ್ಯನವರ ಹೆಸರು ಇಲ್ಲಿ ಎತ್ತಲೇಬೇಕು. ಕೈಗಾರಿಕೆ ಕಟ್ಟಿ, ಇಲ್ಲವೇ ನಾಶವಾಗಿ ಅಂತ ನಾಡಿಗೆ ಪಾಠ ಹೇಳಿದವರು. 1912ರಿಂದ 1918ರವರೆಗೆ ದಿವಾನರು. ಕನ್ನಂಬಾಡಿ ಕಟ್ಟೆ, ಬ್ಯಾಂಕು, ವಿಶ್ವವಿದ್ಯಾಲಯ, ಇಂಜಿನಿಯರಿಂಗ್ ಕಾಲೇಜು ಎಲ್ಲದರ ಹಿಂದೆಯೂ ಅವರಿದ್ದರು. ಚಾಮರಾಜಪೇಟೆಯಲ್ಲಿರುವ ಕನ್ನಡ ಸಾಹಿತ್ಯ ಪರಿಷತ್ತು ಹುಟ್ಟಿದ್ದೂ ಅವರ ದಿವಾನಗಿರಿಯಲ್ಲೇ, 1915ರಲ್ಲಿ. ಅವರ ಕೆಲಸವನ್ನ ನಾವು ಅಲ್ಲಗಳೆಯುವುದಿಲ್ಲ. ಆ ಕಟ್ಟೆಯ ನೀರು ಹರಿದ ಗದ್ದೆಗಳಲ್ಲಿ ನಮ್ಮವರೂ ಕೂಲಿ ಮಾಡಿ ಉಂಡಿದ್ದಾರೆ. ಆದರೆ ಹಿಂದುಳಿದ ಜಾತಿಗಳಿಗೆ ಸರ್ಕಾರಿ ನೌಕರಿಯಲ್ಲಿ ಪಾಲು ಕೊಡುವ ಮಾತು ಬಂದಾಗ, ಇದರಿಂದ ಆಡಳಿತದ ದಕ್ಷತೆ ಕೆಡುತ್ತೆ ಅಂತ ಅವರು ಒಪ್ಪಲಿಲ್ಲ. 1918ರಲ್ಲಿ ಮಹಾರಾಜರು ಮಿಲ್ಲರ್ ಸಮಿತಿ ನೇಮಿಸಿದರು. ಅದೇ ವರ್ಷ ಅವರು ದಿವಾನಗಿರಿ ಬಿಟ್ಟರು. ದಕ್ಷತೆ ಅನ್ನೋದು ಯಂತ್ರಕ್ಕೆ ಹೇಳುವ ಮಾತು. ಅದನ್ನ ಮನುಷ್ಯರ ಮೇಲೆ ಹಾಕಿದಾಗ ಅದು ಯಾವ ಜಾತಿಯ ಮಗ್ಗುಲಲ್ಲಿ ಕೂರುತ್ತೆ ಅಂತ ಅವತ್ತೇ ಗೊತ್ತಾಯ್ತು. ಇವತ್ತೂ ಅದೇ ಮಾತು, ಅದೇ ಮಗ್ಗುಲು.

ಇನ್ನು ನಮ್ಮ ನವ್ಯರು. ಅವರಿಗೆ ಯಂತ್ರನಾಗರಿಕತೆ ಅಂದರೆ ವಾಕರಿಕೆ. ನಗರ ಅಂದರೆ ಪರಕೀಯತೆ, ಶೂನ್ಯ, ಬರಡು. ಯಂತ್ರಪೂಜಕರಿಗೆ ಇವರು ಎದುರು ಪಕ್ಷ ಅಂತ ಅನ್ನಿಸಬಹುದು. ಆದರೆ ಇಬ್ಬರೂ ನಿಂತದ್ದು ಮುಂದಿನ ರಸ್ತೆಯಲ್ಲೇ. ಒಬ್ಬರಿಗೆ ನಗರ ಹೊಳೆಯಿತು, ಇನ್ನೊಬ್ಬರಿಗೆ ನಾರಿತು. ನಾರುವುದನ್ನ ಹೊತ್ತವರು ಯಾರು ಅಂತ ಇಬ್ಬರೂ ಕೇಳಲಿಲ್ಲ. ಮಲ್ಲೇಶ್ವರದ ಮಗ್ಗುಲಿನ ಶ್ರೀರಾಮಪುರದ ಬಡವರ ಸಾಲಿನಲ್ಲಿ ಬೆಳೆದ ಸಿದ್ಧಲಿಂಗಯ್ಯ 1975ರಲ್ಲಿ 'ಹೊಲೆಮಾದಿಗರ ಹಾಡು' ತರುವವರೆಗೂ ಈ ನಗರದ ಬೆನ್ನಿಗೆ ಕನ್ನಡ ಕಾವ್ಯದಲ್ಲಿ ಬಾಯಿಯೇ ಇರಲಿಲ್ಲ.

ಮತ್ತೆ ಇಟಲಿಗೆ ಒಂದು ನಿಮಿಷ. ಮರಿನೆಟ್ಟಿಯ ಪ್ರಣಾಳಿಕೆಯಲ್ಲಿ ಯುದ್ಧವನ್ನ ಜಗತ್ತಿನ ಶುಚಿಕಾರ್ಯ ಅಂತ ಹೊಗಳಿದ ಮಾತೊಂದಿದೆ. ಪಕ್ಕದಲ್ಲೇ ಹೆಣ್ಣನ್ನ ಹೀಗಳೆದ ಮಾತೂ ಇದೆ. ಶುಚಿ! ಎಲ್ಲವೂ ಹೊಸದು ಅಂದವನ ಬಾಯಲ್ಲಿ ಎಷ್ಟು ಹಳೇ ಮಾತು! ಬಸವನಗುಡಿಯ ಮಡಿಯವರಿಗೆ ಈ ಮಾತು ಅನುವಾದವೇ ಇಲ್ಲದೆ ಅರ್ಥವಾಗುತ್ತೆ. ಯಾರೋ ಶುಚಿ ಆಗಬೇಕಾದರೆ ಇನ್ಯಾರೋ ಕೊಳೆ ಆಗಬೇಕು. 1911ರಲ್ಲಿ ಇಟಲಿ ಲಿಬಿಯಾದ ಮೇಲೆ ದಂಡೆತ್ತಿ ಹೋಯ್ತು. ಜಗತ್ತಿನಲ್ಲಿ ಮೊದಲ ಸಲ ವಿಮಾನದಿಂದ ಬಾಂಬು ಬಿದ್ದದ್ದು ಅಲ್ಲಿ, ಆ ವರ್ಷದ ನವೆಂಬರ್ 1ರಂದು. ಮರಿನೆಟ್ಟಿ ಆ ಯುದ್ಧಕ್ಕೆ ವರದಿಗಾರನಾಗಿ ಹೋಗಿ ಹಾಡಿ ಹೊಗಳಿದ. 1919ರಲ್ಲಿ ಮುಸೊಲಿನಿ ಮಿಲಾನಿನಲ್ಲಿ ಫ್ಯಾಸಿಸ್ಟ್ ಚಳವಳಿ ಕಟ್ಟಿದ ಸಭೆಯಲ್ಲೂ ಅವನಿದ್ದ. ನಡುವೆ ಕೆಲ ಕಾಲ ಮುನಿಸಿಕೊಂಡು ದೂರ ಹೋದ, ಮತ್ತೆ ವಾಪಸ್ಸು ಬಂದ. ಅಕಾಡೆಮಿಗಳನ್ನ ನಾಶ ಮಾಡಿ ಅಂದಿದ್ದವನು 1929ರಲ್ಲಿ ಮುಸೊಲಿನಿಯ ಅಕಾಡೆಮಿಯ ಸದಸ್ಯನಾಗಿ ಕೂತ. 1935ರಲ್ಲಿ ಇಟಲಿ ಇಥಿಯೋಪಿಯಾದ ಕರಿಯ ಜನರ ಮೇಲೆ ವಿಷಾನಿಲ ಸುರಿಯಲು ಹೋದಾಗ ತಾನೂ ಸೈನ್ಯದ ಜೊತೆ ಹೊರಟ. ಹಾಲು ಕೊಟ್ಟ ಕರಿಯ ದಾದಿಯ ಋಣ ತೀರಿಸಿದ್ದು ಹೀಗೆ.

ಇದು ಅವನೊಬ್ಬನ ಚಪಲ ಅಲ್ಲ. ಯಂತ್ರವನ್ನ ಅದರ ಒಡೆಯನ ಪಕ್ಕದಲ್ಲಿ ಕೂತು ಹೊಗಳಿದ ಕಲೆ ಕೊನೆಗೆ ತಲುಪುವ ಸ್ಟೇಷನ್ನು ಇದೇ.

ರಷ್ಯಾದಲ್ಲೂ ಭವಿಷ್ಯವಾದಿಗಳಿದ್ದರು. 1912ರಲ್ಲಿ ಪುಷ್ಕಿನ್, ಟಾಲ್‌ಸ್ಟಾಯ್, ದಸ್ತೊಯೆವ್‌ಸ್ಕಿಯನ್ನೆಲ್ಲ ಹಡಗಿನಿಂದ ಆಚೆಗೆ ಎಸೆಯಬೇಕು ಅಂತ ಕೂಗಿದ ಗುಂಪಿನಲ್ಲಿ ಮಾಯಕೋವ್‌ಸ್ಕಿ ಇದ್ದ. ಕ್ರಾಂತಿ ಆದಮೇಲೆ ಅವನು ತನ್ನ ಕಾವ್ಯವನ್ನ ಭಿತ್ತಿಪತ್ರಕ್ಕೆ ಇಳಿಸಿದ. ಓದು ಬಾರದ ಜನರಿಗೆ ಚಿತ್ರ ಬರೆದು, ಕೆಳಗೆ ಎರಡು ಸಾಲು ಬರೆದು ಅಂಗಡಿ ಗಾಜಿಗೆ ಅಂಟಿಸಿದ. 1930ರಲ್ಲಿ ಅವನು ಸಾಯುವ ಸ್ವಲ್ಪ ಮುಂಚೆ ಬರೆದ ಕವಿತೆಯಲ್ಲಿ ತನ್ನನ್ನ ತಾನು ಕಕ್ಕಸು ಬಳಿಯುವವನು, ನೀರು ಹೊರುವವನು ಅಂತ ಕರೆದುಕೊಂಡಿದ್ದಾನೆ. ಒಂದೇ ಪಂಥದ ಇಬ್ಬರು ಕವಿಗಳಲ್ಲಿ ಒಬ್ಬ ಚರಂಡಿಗೆ ಬಿದ್ದು ಪ್ರವಾದಿಯಾದ, ಇನ್ನೊಬ್ಬ ತನ್ನನ್ನ ಚರಂಡಿಯ ಕೆಲಸದವನು ಅಂದುಕೊಂಡ. ನಮಗೆ ಎರಡನೆಯವನೇ ಹತ್ತಿರ. ಆದರೂ ಒಂದು ಮಾತು ನೆನಪಿರಲಿ. ಆ ಹೆಸರು ಅವನು ತಾನಾಗಿ ಆರಿಸಿಕೊಂಡ ರೂಪಕ. ಕವಿತೆ ಮುಗಿದ ಮೇಲೆ ಕೈ ತೊಳೆದು ಏಳಬಹುದಿತ್ತು. ನಮ್ಮ ನಾಡಿನಲ್ಲಿ ಅದನ್ನ ಯಾರೂ ಆರಿಸಿಕೊಳ್ಳುವುದಿಲ್ಲ, ಹುಟ್ಟುವಾಗಲೇ ಹಣೆಗೆ ಹಚ್ಚುತ್ತಾರೆ. ರೂಪಕ ಅಲ್ಲದ್ದನ್ನ ರೂಪಕ ಮಾಡಿ ಚಪ್ಪಾಳೆ ಗಿಟ್ಟಿಸುವ ಕವಿಗಳ ಬಗ್ಗೆ, ಅವರು ನಮ್ಮವರೇ ಆಗಿದ್ದರೂ, ಎಚ್ಚರ ಇರಬೇಕು.

ಹಾಗಾದರೆ ಕರ್ನಾಟಕದಲ್ಲಿ ಹಳೆಯದನ್ನ ಎಸೆಯಿರಿ ಅಂದವರು, ಹೊಸದನ್ನ ನಿಜವಾಗಿ ತಂದವರು ಯಾರು? ಬಸವಲಿಂಗಪ್ಪನವರು. ದೇವರಾಜ ಅರಸರ ಸರ್ಕಾರದಲ್ಲಿ ಪೌರಾಡಳಿತ ಮಂತ್ರಿಯಾಗಿದ್ದಾಗ ತಲೆ ಮೇಲೆ ಮಲ ಹೊರುವುದನ್ನ ನಿಲ್ಲಿಸಿದವರು ಅವರು. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದವರೂ ಅವರೇ. ಈ ಎರಡನ್ನೂ ಬೇರೆ ಬೇರೆ ಇಟ್ಟು ನೋಡುವುದು ರೂಢಿ. ಮೊದಲನೆಯದು ಆಡಳಿತ, ಎರಡನೆಯದು ವಿವಾದ ಅಂತ. ಎರಡೂ ಒಂದೇ ಮಾತು. ಸಾವಿರ ವರ್ಷದ ಸಾಹಿತ್ಯ ಇಟ್ಟುಕೊಂಡ ನಾಡಿಗೆ ತನ್ನ ಮನೆಯ ಹಿಂದಿನ ಓಣಿ ಕಾಣಲಿಲ್ಲ ಅಂದರೆ ಆ ಸಾಹಿತ್ಯವನ್ನ ಇನ್ನೇನು ಅನ್ನಬೇಕು? ಬೂಸಾ ಆದರೂ ದನಕ್ಕೆ ಆಗುತ್ತೆ.

ಈಗ ಹೋಲಿಸಿ ನೋಡಿ. ಲೈಬ್ರರಿ ನಾಶ ಮಾಡಿ ಅಂದ ಮರಿನೆಟ್ಟಿಗೆ ಪ್ಯಾರಿಸ್ಸಿನ ಮೊದಲ ಪುಟ ಸಿಕ್ಕಿತು. ಟಾಲ್‌ಸ್ಟಾಯನ್ನ ಎಸೆಯಿರಿ ಅಂದವರಿಗೆ ಸಾಹಿತ್ಯ ಚರಿತ್ರೆಯಲ್ಲಿ ಅಧ್ಯಾಯ ಸಿಕ್ಕಿತು. ಒಂದೇ ಒಂದು ಶಬ್ದ ಆಡಿದ ಬಸವಲಿಂಗಪ್ಪನವರ ಮಂತ್ರಿ ಪದವಿ ಹೋಯ್ತು. ಅವರ ಪರ ನಿಂತ ದಲಿತ ವಿದ್ಯಾರ್ಥಿಗಳು ಬೀದಿ ಬೀದಿಯಲ್ಲಿ, ಹಾಸ್ಟೆಲುಗಳಲ್ಲಿ ಏಟು ತಿಂದರು. ಮೇಲಿನವನು ಪರಂಪರೆಗೆ ಒದ್ದರೆ ಅದು ಆವಾಂಗಾರ್ಡು, ಕಲಾಕ್ರಾಂತಿ. ಕೆಳಗಿನವನು ಬೆರಳು ತೋರಿಸಿದರೂ ಅದು ಭಾಷಾದ್ರೋಹ. ಆ ಏಟಿನ ನೋವಿನಿಂದಲೇ ದಲಿತ ಸಂಘರ್ಷ ಸಮಿತಿ ಎದ್ದಿತು, 1979ರ ಮಾರ್ಚಿನಲ್ಲಿ ಇದೇ ಬೆಂಗಳೂರಿನಲ್ಲಿ ಬಂಡಾಯ ಸಾಹಿತ್ಯ ಸಂಘಟನೆಯ ಮೊದಲ ಸಮ್ಮೇಳನ ಆಯ್ತು. ಸುಡುವುದರಲ್ಲೂ ವ್ಯತ್ಯಾಸ ಇದೆ. ಇಟಲಿಯವರು ಸುಡುತ್ತೇವೆ ಅಂದದ್ದು ಶ್ರೀಮಂತರ ಮಕ್ಕಳ ಕಾರು ಇನ್ನೂ ಜೋರಾಗಿ ಓಡಲಿ ಅಂತ. 1927ರ ಡಿಸೆಂಬರ್ 25ರಂದು ಮಹಾಡದಲ್ಲಿ ಅಂಬೇಡ್ಕರ್ ಮನುಸ್ಮೃತಿ ಸುಟ್ಟದ್ದು ಜನ ಕೆರೆಯ ನೀರು ಕುಡಿಯಲಿ ಅಂತ.

ಯಂತ್ರದ ವಿಚಾರದಲ್ಲೂ ನಮಗೆ ದಾರಿ ಬಾಬಾಸಾಹೇಬರೇ. ಗಾಂಧಿಯವರ ಚರಕವನ್ನೂ ಹಳ್ಳಿಯ ಪೂಜೆಯನ್ನೂ ಅವರು ಒಪ್ಪಲಿಲ್ಲ. ಯಂತ್ರ ಇಲ್ಲದಿದ್ದರೆ ದುಡಿಯುವವನಿಗೆ ಬಿಡುವಿಲ್ಲ, ಬಿಡುವಿಲ್ಲದಿದ್ದರೆ ಓದಿಲ್ಲ, ಸಂಸ್ಕೃತಿಯಿಲ್ಲ, ಮನುಷ್ಯ ಪಶುವಾಗೇ ಉಳಿಯುತ್ತಾನೆ, ಇದು ಅವರ ವಾದ. ಕೆಡುಕು ಯಂತ್ರದಲ್ಲಿಲ್ಲ, ಅದರ ಲಾಭವನ್ನ ಕೆಲವರೇ ಬಾಚಿಕೊಳ್ಳುವ ಸಮಾಜದ ಕಟ್ಟಿನಲ್ಲಿದೆ ಅಂತ 1945ರಲ್ಲೇ ಬರೆದರು. 1942ರಿಂದ 1946ರವರೆಗೆ ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಸದಸ್ಯರಾಗಿದ್ದಾಗ ವಿದ್ಯುತ್ತು, ಅಣೆಕಟ್ಟಿನ ಯೋಜನೆಗಳನ್ನ ಖುದ್ದು ನೋಡಿಕೊಂಡರು. ಕಾರನ್ನ ನೋಡಿ ಮೈಮರೆತ ಕವಿಗಿಂತ ಯಂತ್ರವನ್ನ ಹೆಚ್ಚು ಗಂಭೀರವಾಗಿ ತಗೊಂಡವರು ಅವರು. ಮರಿನೆಟ್ಟಿ ಯಂತ್ರದಿಂದ ಕೇಳಿದ್ದು ವೇಗ. ಅಂಬೇಡ್ಕರ್ ಕೇಳಿದ್ದು ಬಿಡುವು. ನಮ್ಮ ಅಳತೆಗೋಲು ಇದೇ ಆಗಬೇಕು. ಒಂದು ಯಂತ್ರ ಬಂದರೆ ಯಾರ ತಲೆಯ ಭಾರ ಇಳಿಯಿತು? ಯಾರ ಕೈಗೆ ಬಿಡುವಾಯ್ತು?

ಈ ಗೋಲು ಹಿಡಿದು ಇವತ್ತಿನ ಬೆಂಗಳೂರನ್ನ ಅಳೆಯಿರಿ. ಗಾಂಧಿಬಜಾರಿನಲ್ಲಿ, ಮಲ್ಲೇಶ್ವರದ ಎಂಟನೇ ಕ್ರಾಸಿನಲ್ಲಿ ನಿಂತರೆ ಹತ್ತು ನಿಮಿಷದಲ್ಲಿ ಸಾಮಾನು ತಲುಪಿಸುವ ಹುಡುಗರು ಗಾಳಿಯ ಹಾಗೆ ಹೋಗ್ತಾರೆ. ವೇಗದ ಪೂಜೆ ಇವತ್ತು ಮೊಬೈಲಿನ ಒಳಗಿದೆ. ವೇಗದಿಂದ ಬಂದ ಲಾಭ ಕಂಪನಿಗೆ, ವೇಗದಿಂದ ಮುರಿದ ಕಾಲು ಹುಡುಗನಿಗೆ. ಅವರ ಹಕ್ಕಿಗೆ ಒಂದು ಕಾನೂನು ಬರಲು 2025ರ ತನಕ ಕಾಯಬೇಕಾಯ್ತು. ಸಾಫ್ಟ್‌ವೇರಿನ ರಾಜಧಾನಿ, ಮೆಟ್ರೋ ರೈಲು, ಕೃತಕ ಬುದ್ಧಿ ಅಂತ ದಿನಾ ಭಜನೆ ನಡೀತಿದೆ. ಬೆಳಗಿನ ಜಾವ ಆ ಐಟಿ ನಗರದ ಬೀದಿ ಗುಡಿಸುವ ಕೈಯಲ್ಲಿ ಏನಿದೆ? ಪೊರಕೆ. ಆ ಕೈ ಬಹುಮಟ್ಟಿಗೆ ದಲಿತ ಹೆಣ್ಣುಮಕ್ಕಳದು. 2022ರ ಜುಲೈನಲ್ಲಿ ಅವರು ಕೆಲಸ ನಿಲ್ಲಿಸಿ ಫ್ರೀಡಂ ಪಾರ್ಕಿನಲ್ಲಿ ಕೂತು, ನಮ್ಮನ್ನ ಕಾಯಂ ಮಾಡಿ ಅಂತ ಕೇಳಿದರು. ಆಗ ಈ ನಗರಕ್ಕೆ ತನ್ನನ್ನ ನಡೆಸುತ್ತಿರುವ ಯಂತ್ರ ಯಾವುದು ಅಂತ ಮೂಗಿಗೆ ಗೊತ್ತಾ ಯ್ತು.

ಚರಂಡಿಯ ಕತೆ ಮುಗಿದಿದೆಯೇ? 1993ರಲ್ಲಿ ಒಂದು ಕಾನೂನು. 2013ರಲ್ಲಿ ಇನ್ನೊಂದು ಕಾನೂನು. 2014ರಲ್ಲಿ ಸುಪ್ರೀಂ ಕೋರ್ಟು ಒಳಚರಂಡಿಯಲ್ಲಿ ಸತ್ತವರ ಮನೆಗೆ 10 ಲಕ್ಷ ಕೊಡಿ ಅಂದಿತು. 2023ರಲ್ಲಿ ಅದನ್ನ 30 ಲಕ್ಷ ಮಾಡಿತು. 2025ರ ಜನವರಿ 29ರಂದು ಆರು ಮಹಾನಗರಗಳಲ್ಲಿ ಮನುಷ್ಯರನ್ನ ಮಲಗುಂಡಿಗೆ, ಒಳಚರಂಡಿಗೆ ಇಳಿಸುವುದನ್ನ ಪೂರ್ತಿ ನಿಲ್ಲಿಸಿ ಅಂತ ಆದೇಶ ಮಾಡಿತು. ಆರರಲ್ಲಿ ಒಂದು ನಮ್ಮ ಬೆಂಗಳೂರು. ಎರಡು ಕಾನೂನು ಆದಮೇಲೂ ದೇಶದ ಅತಿ ದೊಡ್ಡ ಕೋರ್ಟು ಮತ್ತೆ ಹೇಳಬೇಕಾಯ್ತು ಅಂದರೆ ಅರ್ಥ ಏನು? ಯಂತ್ರ ಇಲ್ಲ ಅಂತಲೇ? ಪಕ್ಕದ ಕೇರಳದಲ್ಲಿ 2018ರಲ್ಲೇ ಹುಡುಗರು ಮ್ಯಾನ್‌ಹೋಲಿಗೆ ಇಳಿಯುವ ರೋಬೋ ಮಾಡಿದರು. ಹೆಗ್ಗಣದ ಹೆಸರು ಇಟ್ಟರು, ಬ್ಯಾಂಡಿಕೂಟ್ ಅಂತ. ಚಂದ್ರನ ಮೇಲೆ ಇಳಿಯುವ ಯಂತ್ರಕ್ಕೆ ನಾಡೇ ಎದ್ದು ನಿಂತು ಚಪ್ಪಾಳೆ ತಟ್ಟಿತು. ಹತ್ತಡಿ ಗುಂಡಿಗೆ ಇಳಿಯುವ ಯಂತ್ರದ ಹೆಸರು ಎಷ್ಟು ಜನಕ್ಕೆ ಗೊತ್ತು?

ಮಲ್ಲೇಶ್ವರದ ಕೆಲವು ಜಾಡಮಾಲಿ ಓಣಿಗಳ ಗೋಡೆ ಮೇಲೆ ಈಚೆಗೆ ಬಣ್ಣದ ಚಿತ್ರ ಬರೆದಿದ್ದಾರೆ. ಕಸ ಎಸೆಯುವ ಜಾಗ ಚೆಂದ ಆಗಲಿ ಅಂತ. ಆಗಲಿ, ಬೇಡ ಅನ್ನಲ್ಲ. ಆದರೆ ಈ ಓಣಿ ಯಾಕೆ ಇಲ್ಲಿದೆ, ಇಲ್ಲಿ ಯಾರು ನಡೆದರು ಅಂತ ಅದೇ ಗೋಡೆ ಮೇಲೆ ಒಂದು ಸಾಲಾದರೂ ಬೇಡವೇ? ಕಲೆ ಅಂದರೆ ಸುಣ್ಣ ಬಳಿಯೋದು ಅಂತ ಯಾರು ಹೇಳಿದರು? ಇಟಲಿಯ ಭವಿಷ್ಯವಾದಿಗಳು ನಾಟಕಶಾಲೆಗಳಲ್ಲಿ ಸಭಿಕರನ್ನ ಕೆಣಕಿ, ತರಕಾರಿ ಏಟು ತಿಂದು, ಅದನ್ನೇ ಗೆಲುವು ಅಂದುಕೊಂಡರು. 2010ರ ಜುಲೈನಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಕುಟುಂಬದವರು ತಾವು ಹೊರುತ್ತಿದ್ದ ಮಲವನ್ನೇ ಸಾರ್ವಜನಿಕರ ಎದುರು ಮೈಮೇಲೆ ಸುರಿದುಕೊಂಡರು. ಅದಕ್ಕೆ ಟಿಕೆಟ್ಟು ಇರಲಿಲ್ಲ. ಅದು ಪ್ರದರ್ಶನವೂ ಅಲ್ಲ. ಈ ನಾಡಿನ ಎಲ್ಲಾ ಕಾವ್ಯಕ್ಕೂ ಹಾಕಿದ ಒಂದು ಪ್ರಶ್ನೆ ಅದು. ಇನ್ನೂ ಉತ್ತರ ಬಂದಿಲ್ಲ.

ಹಳ್ಳಿಗಳಲ್ಲಿ ಪಾಠ ಹೇಳುವ ಮೇಷ್ಟರುಗಳೇ, ವಿಜ್ಞಾನದ ಪಾಠದಲ್ಲಿ ಶಿವನಸಮುದ್ರದ ಬೆಳಕು ಹೇಳುವಾಗ ಕೋಲಾರದ ಗಣಿಯ ಕತ್ತಲನ್ನೂ ಹೇಳಿ. ಮೊದಲ ತಲೆಮಾರಿನಲ್ಲಿ ಇಂಜಿನಿಯರಿಂಗ್ ಕಾಲೇಜಿನ ಮೆಟ್ಟಿಲು ಹತ್ತಿರುವ ತಮ್ಮಂದಿರೇ, ತಂಗಿಯರೇ, ಯಂತ್ರಕ್ಕೆ ಹೆದರಬೇಡಿ, ಅದರ ಮುಂದೆ ಕೈ ಮುಗಿಯಲೂ ಬೇಡಿ. ಅದರ ಹೊಟ್ಟೆ ಬಿಚ್ಚಿ ನೋಡಿ, ಕಲಿಯಿರಿ, ಆಮೇಲೆ ಅದನ್ನ ನಮ್ಮವರು ಇಳಿಯುತ್ತಿದ್ದ ಗುಂಡಿಗೆ ಇಳಿಸಿ. ಸಂಘಟನೆಯ ಸಂಗಾತಿಗಳೇ, ನಿಮ್ಮ ಊರಿನ ಪುರಸಭೆಯಲ್ಲಿ ಜೆಟ್ಟಿಂಗ್ ಯಂತ್ರ ಎಷ್ಟಿವೆ, ಓಡ್ತಿವೆಯೋ ತುಕ್ಕು ಹಿಡಿದಿವೆಯೋ, ಗುತ್ತಿಗೆದಾರ ಇನ್ನೂ ಯಾರನ್ನ ಇಳಿಸ್ತಿದ್ದಾನೆ ಅಂತ ಹೋಗಿ ಕೇಳಿ, ಬರೆಸಿಕೊಳ್ಳಿ. ಆ ಪಟ್ಟಿ ಒಳ್ಳೇ ಕವಿತೆಗಿಂತ ಕಮ್ಮಿ ಅಲ್ಲ.

ಕವಿಗಳಿಗೆ ಒಂದೇ ಮಾತು. ಭವಿಷ್ಯ ಬೇಕು. ನಮ್ಮಷ್ಟು ಭವಿಷ್ಯ ಬೇಕಾದವರು ಈ ನೆಲದಲ್ಲಿ ಇನ್ಯಾರೂ ಇಲ್ಲ, ಯಾಕೆಂದರೆ ನಮ್ಮ ಭೂತಕಾಲದಲ್ಲಿ ನಮ್ಮದು ಅನ್ನೋ ನೆಲವೇ ಇರಲಿಲ್ಲ. ಆದರೆ ಮುಂದಿನ ರಸ್ತೆಯಲ್ಲಿ ಮೆರವಣಿಗೆ ಬರುವ ಭವಿಷ್ಯಕ್ಕೆ ನಾವು ವಾಲಗ ಊದುವುದಿಲ್ಲ. ಹಿಂದಿನ ಓಣಿಯಿಂದ ಎದ್ದು ಬರುವ ಭವಿಷ್ಯವನ್ನ ಬರೆಯುತ್ತೇವೆ. ಯಂತ್ರ ಬರಲಿ. ಮೊದಲು ಚರಂಡಿಗೆ ಬರಲಿ. ಕವಿತೆಗೆ ಆಮೇಲೆ ಬಂದರೆ ಸಾಕು.